ಶಹಾಬಾದಿನ ಕೆರೆ

ನ್ಯಾವಿ... ಏನೋ ಒಂದು ಹೆಸರು, ಹೋಗಲಿ. ಯುದ್ಧಕಾಲದ ಬಾಂಬರ್ ವಿಮಾನದಲ್ಲಿ ಕೂತು ದಾರಿ ಹೇಳುತ್ತಿದ್ದವನು. ಅಂಥ ಒಬ್ಬನ ದಿನಚರಿಯಲ್ಲಿ ‘ವಾಡಿ ದಾಟಿದ ಮೇಲೆ ರೈಲು ಹಳಿಯ ಪಕ್ಕ ಕೆರೆ’ ಎಂದಿತ್ತು. ಯಾವ ನಕ್ಷೆಯಲ್ಲೂ ಆ ಕೆರೆ ಇರಲಿಲ್ಲ. ಅದು ಸಿಗದಿದ್ದರೆ ಆ ದಿನಚರಿ ಹಿಡಿದು ನಾನು ವರ್ಷಗಟ್ಟಲೆ ಕೂತು ಗುರುತಿಸಿದ ಅವನ ವಿಮಾನಮಾರ್ಗವೇ ಸುಳ್ಳಾಗುತ್ತಿತ್ತು.

ಹುಟ್ಟಿದ್ದು ಇದೇ ಸೀಮೆಯ ಚಿಂಚೋಳಿ, ಈಗ ಇರುವುದು ಮಂಗಳೂರು ಎಂದು ಪರಿಚಯ ಹೇಳಿಕೊಂಡು ಶಹಾಬಾದಿನ ಕಲ್ಲುಗಣಿಯ ಹೆಂಗಸೊಬ್ಬಳನ್ನು ಕೇಳಿದೆ.

“ಇಲ್ಲಿ ಕೆರಿ ಎಲ್ಲಿಂದ ಬರಬೇಕ್ರಿ ಅಮ್ಮಾರ? ಬರೇ ನೆಲಕ್ಕ ಹಾಸೋ ಪರಸಿ ಕಲ್ಲು.”

ದಿಬ್ಬ ಹತ್ತಿ ನೋಡಿದರೆ ಮಧ್ಯಾಹ್ನದ ಬಿಸಿಲಿಗೆ ನೀರು ತಳತಳಿಸುತ್ತಿತ್ತು. ಕೆಳಗಿಳಿದು ಸೀರೆಯ ನೆರಿಗೆ ಎತ್ತಿ ಹಿಡಿದೆ.

“ಚಿಂಚೋಳಿಯವರು ಅಂತೀರಿ, ಹಾಸಿದ ಪರಸಿ ನೋಡಿ ಸೀರಿ ಎತ್ತಾಕತ್ತೀರಲ್ರೀ!” ಅವಳು ಬಿದ್ದು ಬಿದ್ದು ನಕ್ಕಳು.

ನಾನು ಹೇಳಿದ್ದನ್ನು ಬರೆದುಕೊಳ್ಳುವ ಮೊಮ್ಮಗಳಿಗೆ ಹೇಳಿದೆ: “ಕೆರೆ ಸಿಕ್ಕಿತು, ಅದು ಕಲ್ಲು ಅಂತ ಬರಿ. ಸೀರೆಯ ಸಂಗತಿ ಬೇಡ.”