ಎಡಕ್ಕೆ ವಾಲಿದ ವ್ಯಾನು

ನಾನು ದಪ್ಪಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ಕಡೆ ಯಾರನ್ನು ಕೇಳಿದರೂ ಈ ಕತೆಯನ್ನು ಅಲ್ಲಿಂದಲೇ ಶುರುಮಾಡುತ್ತಾರೆ. ಎರಡನೆಯ ಹೆರಿಗೆಯ ನಂತರ ಬಂದ ಮೈ ಮತ್ತೆ ಇಳಿಯಲಿಲ್ಲ. ಮಾತ್ರೆ ನುಂಗಿದೆ, ಒಪ್ಪೊತ್ತು ಉಂಡೆ, ಕೆರೆ ಏರಿಯ ಮೇಲೆ ನಡೆದೆ. ಮೈ ಜಗ್ಗಲಿಲ್ಲ.

ನಮ್ಮದು ಕಾಮಸಮುದ್ರದ ಹತ್ತಿರದ ಹಳ್ಳಿ. ಗಂಡ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾನೆ. ನಾನು ಬಂಗಾರಪೇಟೆಯ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದೆ. ಬಸ್ಸು ನಂಬಿಕೊಂಡರೆ ಅಲ್ಲಿ ತಿಂಡಿ ಮುಗಿದು ಪಾತ್ರೆ ತೊಳೆಯುವ ಹೊತ್ತಾಗುತ್ತಿತ್ತು. ಅದಕ್ಕೇ ನಮ್ಮೂರಿನವನೇ ಒಬ್ಬ ಓಡಿಸುತ್ತಿದ್ದ ಹಳೆಯ ವ್ಯಾನು ಹತ್ತುತ್ತಿದ್ದೆ. ರೈಲು ಹಿಡಿದು ಬೆಂಗಳೂರಿಗೆ ಹೋಗುವ ಗಾರೆ ಕೆಲಸದವರು, ಗಾರ್ಮೆಂಟ್ಸಿನ ಹೆಂಗಸರು, ಸ್ಟೇಷನ್ ಮುಂದೆ ಹೂವು ಮಾರುವ ಒಬ್ಬ ಮುದುಕಿ, ಎಲ್ಲರಿಗೂ ಅದೇ ಗತಿ. ಮೂತಿಯಿಲ್ಲದ ಪುಟ್ಟ ವ್ಯಾನು ಅದು. ಮುಂದಿನ ಸೀಟಿನಲ್ಲಿ ಕೂತರೆ ಚಕ್ರದ ನೆತ್ತಿಯ ಮೇಲೆಯೇ ಕೂತ ಹಾಗೆ. ಮಂಡಿ ನೋವಿನಿಂದಾಗಿ ಹಿಂದಿನ ಬಾಗಿಲಲ್ಲಿ ಬಾಗಿ ನುಸುಳಲು ನನಗೆ ಆಗುತ್ತಿರಲಿಲ್ಲ. ಹಾಗಾಗಿ ಡ್ರೈವರಿನ ಪಕ್ಕ, ಎಡಗಡೆ ನನ್ನ ಜಾಗ.

ಆ ವ್ಯಾನನ್ನು ಅವನು ಮದ್ರಾಸಿನ ಕಡಲ ದಂಡೆಯಿಂದ ತಂದಿದ್ದ. ಅಲ್ಲಿ ಅದು ವರ್ಷಾನುಗಟ್ಟಲೆ ಮಂಜುಗಡ್ಡೆ ತುಂಬಿದ ಮೀನಿನ ಬುಟ್ಟಿ ಹೊತ್ತಿತ್ತು. ಮಳೆ ಬಂದು ಕಿಟಕಿ ಮುಚ್ಚಿದರೆ ಈಗಲೂ ಮೀನಿನ ವಾಸನೆ ಮೇಲೇಳುತ್ತಿತ್ತು. ಉಪ್ಪುನೀರು ನೆಲದ ಸಂದಿಗಳಲ್ಲಿ ಇಳಿದಿಳಿದು ಅಡಿಯ ಕಬ್ಬಿಣವನ್ನೆಲ್ಲ ತಿಂದಿತ್ತು ಎಂಬುದು ನಮಗೆ ಕಾಣುತ್ತಿರಲಿಲ್ಲ. ಅವನು ತರುವಾಗಲೇ ಅಡಿಗೆ ಕಪ್ಪು ಡಾಂಬರು ಬಣ್ಣ ಬಳಿಸಿದ್ದ. ಹೊರಗಿನಿಂದ ನೋಡಿದರೆ ಹೊಸ ಬಾಣಲೆಯ ತಳದ ಹಾಗೆ ಮಿರಮಿರ ಮಿಂಚುತ್ತಿತ್ತು.

ಒಂದು ಬೇಸಿಗೆಯಲ್ಲಿ ವ್ಯಾನು ಮುಂದೆ ಎಡಕ್ಕೆ ವಾಲತೊಡಗಿತು. ನಿಂತಾಗಲೂ ಒಂದು ಕಾಲು ಸೋತವರ ಹಾಗೆ ನಿಲ್ಲುತ್ತಿತ್ತು. ತಿರುವಿನಲ್ಲಿ ಚಕ್ರ ಕಿರ್ರೆನ್ನುತ್ತಿತ್ತು. ಡ್ರೈವರು ಇಳಿದು ನೋಡಿದ, ನನ್ನನ್ನು ನೋಡಿದ, ಹಿಂದೆ ಕೂತವರನ್ನು ನೋಡಿದ. ಅಷ್ಟೇ ಸಾಕಾಯಿತು. ಮೊದಲು ನಕ್ಕವಳು ಹೂವಿನ ಮುದುಕಿ. ಆಮೇಲೆ ಉಳಿದವರು.

ಅವತ್ತಿನಿಂದ ಅದೇ ದಿನನಿತ್ಯದ ತಮಾಷೆ. ನಾನು ಹತ್ತುವಾಗ ಅವನು ಸ್ಟೇರಿಂಗ್ ಹಿಡಿದು ಬೀಳುವವನ ಹಾಗೆ ನಟಿಸುತ್ತಿದ್ದ. ರಸ್ತೆ ಉಬ್ಬು ಬಂದಲ್ಲೆಲ್ಲ ನಿಲ್ಲಿಸಿ ನನ್ನೊಬ್ಬಳನ್ನೇ ಇಳಿಸುತ್ತಿದ್ದ. ನಾನು ಉಬ್ಬು ದಾಟಿ ನಡೆದು ಹೋಗಿ ಮತ್ತೆ ಹತ್ತಬೇಕು. ಒಮ್ಮೊಮ್ಮೆ ಕೈಗೆ ಸಿಗದಷ್ಟು ದೂರ ಮುಂದಕ್ಕೆ ಓಡಿಸಿ, ಮಂಡಿ ಹಿಡಿದು ಬರುವ ನನ್ನನ್ನು ಕನ್ನಡಿಯಲ್ಲಿ ನೋಡುತ್ತ ಕೂರುತ್ತಿದ್ದ. ಮನೆಯಲ್ಲಿ ಹೇಳಿದೆ. ಗಂಡ ಹಾಲು ಕರೆಯುತ್ತಿದ್ದವನು ತಲೆ ಎತ್ತಲಿಲ್ಲ. ಡ್ರೈವರು ಹೇಳುವುದರಲ್ಲಿ ಸುಳ್ಳೇನಿದೆ ಎಂದ.

ಬಂಗಾರಪೇಟೆಯಲ್ಲಿ ಹುಣಸೆಹಣ್ಣಿನ ಮಂಡಿಯ ಮುಂದೆ ಒಂದು ದಿನ ವ್ಯಾನು ನಿಲ್ಲಿಸಿದ. ಅಂಗಡಿಯ ಮುಂದೆ ಮೂಟೆ ತೂಗುವ ತಕ್ಕಡಿ ಇತ್ತು. ಅದರ ಮೇಲೆ ನಿಂತರೆ ಮಾತ್ರ ನಾಳೆಯಿಂದ ಹತ್ತಿಸಿಕೊಳ್ಳುತ್ತೇನೆ ಎಂದ. ತಮಾಷೆಗೆ ಹೇಳುತ್ತಿದ್ದಾನೆಂದು ನಗಲು ನೋಡಿದೆ. ಅವನು ನಗುತ್ತಿರಲಿಲ್ಲ. ಹಮಾಲಿಗಳು ಮೂಟೆ ಬಿಟ್ಟು ಬಂದು ಸುತ್ತ ನಿಂತರು. ಕೆಲಸ ಬೇಕಿತ್ತು, ನಿಂತೆ. ಚಪ್ಪಲಿ ಬಿಡಬೇಕಾ ಎಂದು ಕೇಳಿದ್ದು ನೆನಪಿದೆ, ಅದಕ್ಕೂ ನಕ್ಕರು. ಅವನು ನನ್ನ ತೂಕವನ್ನು ಹುಣಸೆಹಣ್ಣಿನ ಮೂಟೆಗಳ ಲೆಕ್ಕದಲ್ಲಿ ಕೂಗಿ ಹೇಳಿದ. ಹಾಸ್ಟೆಲಿಗೆ ಹೋಗಿ ಅನ್ನದ ಗಂಜಿ ಬಸಿಯುವಾಗ ಪಾತ್ರೆ ಜಾರಿ ಮೊಣಕೈವರೆಗೆ ಸುಟ್ಟುಕೊಂಡೆ.

ಅದಾದ ಮೇಲೆ ಒಮ್ಮೆ, ಉಬ್ಬಿನ ಹತ್ತಿರ ಇಳಿಯುವಾಗ ಬುತ್ತಿಯ ಮುಚ್ಚಳ ಜಾರಿ ವ್ಯಾನಿನಡಿಗೆ ಉರುಳಿತು. ನೆಲಕ್ಕೆ ಕೈಯೂರಿ ಬಗ್ಗಿದೆ. ಎಡಚಕ್ರದ ಪಕ್ಕ ಕಪ್ಪು ಬಣ್ಣ ಚಿಪ್ಪುಚಿಪ್ಪಾಗಿ ಎದ್ದಿತ್ತು. ಒಳಗೆಲ್ಲ ಕೆಂಪು. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳು ನೆನೆದ ಬಿಸ್ಕತ್ತಿನ ಹಾಗೆ ಪದರ ಪದರ ಬಿಟ್ಟುಕೊಂಡಿತ್ತು. ಮೇಲಿನ ಸ್ಪ್ರಿಂಗಿನ ಕೊನೆಯ ಸುರುಳಿ ತುಂಡಾಗಿ ಓರೆಯಾಗಿ ಕೂತಿತ್ತು. ಮುಚ್ಚಳದ ಮೇಲೆ ಕೆಂಪು ಪುಡಿ ಉದುರಿತ್ತು. ಅದನ್ನು ಹಾಗೇ ತಂದು ಅವನ ಮುಂದೆ ಹಿಡಿದೆ. ಬಂಡಿ ವಾಲಿರುವುದು ನನ್ನಿಂದಲ್ಲ, ಸ್ಪ್ರಿಂಗ್ ಮುರಿದಿದೆ, ಕೆಳಗಿನ ಕಬ್ಬಿಣ ಕೊಳೆತಿದೆ ಎಂದೆ.

ಅವನ ಮುಖ ಗಂಟಾಯಿತು. ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಮುರಿದಿದ್ದು ಯಾರಿಂದ ಮತ್ತೆ? ನಿನ್ನ ಒತ್ತೂ ಒತ್ತೂ ಸಾಕಾಗೋಗೈತೆ ಕಣಕ್ಕಾ ಈ ಬಂಡಿಗೆ. ನಾಳೆಯಿಂದ ಬರಬ್ಯಾಡ. ಓಗು."

ನಾಳೆಯಿಂದ ಎಂದವನು ಅಲ್ಲೇ ಬಾಗಿಲು ಎಳೆದುಕೊಂಡು ಹೊರಟ. ಸೀಟು ಖಾಲಿಯಾಗಿದ್ದೇ ತಡ ಹೂವಿನ ಮುದುಕಿ ಹಿಂದಿನಿಂದ ಬುಟ್ಟಿ ಎತ್ತಿಕೊಂಡು ಮುಂದೆ ಬಂದು ಕೂತಿದ್ದಳು. ನಾನು ಮುಚ್ಚಳ ಹಿಡಿದು ರಸ್ತೆಯಲ್ಲಿ ನಿಂತೆ.

ಬಸ್ಸನ್ನೇ ನಂಬುವಂತಾಯಿತು. ದಿನಾ ತಡವಾಗಿ ಹೋಗಿದ್ದಕ್ಕೆ ಅಡುಗೆಯಿಂದ ಪಾತ್ರೆ ತೊಳೆಯುವ ಕೆಲಸಕ್ಕೆ ಇಳಿಸಿದರು. ನಾನು ಇಳಿದ ಮೇಲೂ ವ್ಯಾನು ಎಡಕ್ಕೇ ವಾಲಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದವರಿಗೆ ಡ್ರೈವರು ಹೇಳಿದನಂತೆ, ಅಷ್ಟು ವರ್ಷ ಅವಳನ್ನು ಹೊತ್ತಿದ್ದು, ಸರಿಹೋಗಲು ಟೈಮು ಬೇಕು ಅಂತ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ನಮ್ಮ ಬಸ್ಸು ದಾರಿಯಲ್ಲಿ ನಿಂತಿತು. ಇಳಿದು ನೋಡಿದರೆ ವ್ಯಾನು ರಸ್ತೆ ಪಕ್ಕದ ಮೋರಿಯ ಕಟ್ಟೆಗೆ ಮುಖ ಕೊಟ್ಟಿತ್ತು. ಎಡಚಕ್ರ ಕಿತ್ತು, ಅಡ್ಡ ಮಲಗಿ, ಗಾಡಿಯಡಿಗೆ ಮಡಿಸಿಕೊಂಡಿತ್ತು. ರಸ್ತೆಯ ಗುಂಡಿಗೆ ಇಳಿದ ಕ್ಷಣದಲ್ಲೇ ಆ ತೋಳು ಮುರಿದು, ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗಲಿಲ್ಲವಂತೆ. ಡ್ರೈವರಿನ ಕಾಲು ತಗಡಿನಲ್ಲಿ ಸಿಕ್ಕಿತ್ತು. ಅವನು ಕಿರುಚುವುದನ್ನು ಬಿಟ್ಟು ಹಲ್ಲು ಕಚ್ಚಿದ್ದ. ಹೂವಿನ ಮುದುಕಿಯನ್ನು ಹೊರಗೆಳೆದು ಮಣ್ಣಿನ ಮೇಲೆ ಕೂರಿಸಿದ್ದರು. ಅವಳ ಎಡಗೈ ಬಾಗಿಲು ಮತ್ತು ಕಟ್ಟೆಯ ನಡುವೆ ಜಜ್ಜಿಹೋಗಿತ್ತು. ಸುತ್ತ ಮಲ್ಲಿಗೆ ಚೆಲ್ಲಿತ್ತು, ಜನ ತುಳಿದುಕೊಂಡು ಓಡಾಡುತ್ತಿದ್ದರು.

ಬಸ್ಸಿನವರಲ್ಲಿ ಯಾರೋ ಅಂದರು, ಆ ದಪ್ಪನೆಯವಳು ಇದ್ದಿದ್ದರೆ ವ್ಯಾನು ಭೂಮಿಯೊಳಗೇ ಇಳಿದುಬಿಡುತ್ತಿತ್ತು. ಆ ರಕ್ತದ ಎದುರಿನಲ್ಲೂ ಕೆಲವರು ನಕ್ಕರು. ನನಗೆ ಒಳಗೆ ಏನಾಯಿತೆಂದು ನಿಜ ಹೇಳುತ್ತೇನೆ. ಮರುಕ ಬರಲಿಲ್ಲ. ಹೊಟ್ಟೆಯೊಳಗೆ ತಣ್ಣಗಾಯಿತು, ಬಿಸಿಲಲ್ಲಿ ಬಂದವರು ಮಜ್ಜಿಗೆ ಕುಡಿದ ಹಾಗೆ.

ಇನ್ನಾದರೂ ನನ್ನ ಮೇಲಿನ ಮಾತು ನಿಲ್ಲುತ್ತದೆ ಎಂದುಕೊಂಡಿದ್ದೆ. ಹೆಚ್ಚಿತು. ಡ್ರೈವರಿನ ಹೆಂಡತಿ ನಮ್ಮ ಮನೆ ಮುಂದೆ ಬಂದು, ನೀನು ಕೂತು ಕೂತು ಮುರಿದದ್ದು ಈಗ ನನ್ನ ಗಂಡನ ಕಾಲು ತಿಂತು ಎಂದು ಬೈದು ಮಣ್ಣು ತೂರಿದಳು. ಅತ್ತೆ ಒಳಗಿನಿಂದಲೇ ಅವಳಿಗೆ ಹೂಂಗುಟ್ಟಿದರು.

ಮುರಿದ ವ್ಯಾನನ್ನು ಕೆಜಿಎಫ್‌ಗೆ ಎಳೆದುಕೊಂಡು ಹೋಗಿ, ಅಲ್ಲಿನ ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಗಳ ಹತ್ತಿರ ಒಬ್ಬ ವೆಲ್ಡಿಂಗಿನವನ ಶೆಡ್ಡಿನಲ್ಲಿ ಗುಜರಿಗೆ ಬಿಟ್ಟಿದ್ದರು. ರಜೆ ಹಾಕಿ ಹೋದೆ. ವೆಲ್ಡಿಂಗಿನವನು ತಮಿಳು ಬೆರೆಸಿ ಮಾತಾಡುವ, ಬೀಡಿ ಸೇದುವ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಓ ನೀನೇನಾ ಅದು ಎಂದ. ಕತೆ ಅಲ್ಲಿಗೂ ಮುಟ್ಟಿತ್ತು. ಆದರೂ ಮುರಿದ ತೋಳಿನ ತುಂಡನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. "ಇದು ಇರುಂಬೇ ಇಲ್ಲಮ್ಮಾ, ಅಪ್ಪಳಂ. ಎರಡು ವರ್ಷದ ಕೆಳಗೇ ಮಾತ್ತು ಅಂತ ಅವನಿಗೆ ಸೊಲ್ಲಿದೆ, ಬದಲಾಯಿಸು ಅಂತ. ಮೇಲೆ ಪೇಂಟು ಹೊಡಿ ಸಾಕು ಅಂದ."

ಕಬ್ಬಿಣವಲ್ಲ, ಹಪ್ಪಳ. ಬೆರಳಿನಿಂದ ಒತ್ತಿದೆ, ನಿಜಕ್ಕೂ ಹಪ್ಪಳದಂತೆಯೇ ಮುರಿಯಿತು. ಡ್ರೈವರಿಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿದ್ದ.

ಆ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಡ್ರೈವರಿನ ಮನೆಗೆ ಹೋದೆ. ಮಂಡಿಯ ಕೆಳಗೆ ಕಾಲು ತೆಗೆದಿದ್ದರು. ಮಂಚದ ಮೇಲೆ ಬಿಳಿ ದುಪ್ಪಟಿ ಹೊದ್ದು ಮಲಗಿದ್ದ. ಅವನ ಎದೆಯ ಮೇಲೆ ಆ ಕಬ್ಬಿಣವನ್ನು ಹಿಡಿದು ಎರಡೂ ಕೈಯಿಂದ ಉಜ್ಜಿದೆ. ದುಪ್ಪಟಿಯ ತುಂಬ ಕೆಂಪು ಪುಡಿ ಸುರಿಯಿತು. ಅವನು ಕದಲಲಾರದೆ ನೋಡುತ್ತಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ವೆಲ್ಡಿಂಗಿನವನು ಹೇಳಿದ್ದನ್ನು ಅವಳಿಗೂ ಕೇಳುವ ಹಾಗೆ ಹೇಳಿದೆ.

ಅವನು ಒಂದು ಚಿಟಿಕೆ ಪುಡಿಯನ್ನು ಬೆರಳಲ್ಲಿ ತೆಗೆದು ನೋಡಿದ. ಆಮೇಲೆ ಹೇಳಿದ: "ಗೊತ್ತಿತ್ತು. ಏನಿವಾಗ? ಜನ ನಗ್ತಾ ಕೂತ್ರೆ ಕೆಳಗೆ ನೋಡಲ್ಲ."

ಕ್ಷಮೆಯಲ್ಲ ಅದು. ವ್ಯವಹಾರದ ಗುಟ್ಟು ಹೇಳಿದ ಹಾಗೆ ಹೇಳಿದ. ಹೆಂಡತಿ ಒಳಗೆ ಬಂದು ದುಪ್ಪಟಿ ಎಳೆದು ಕೊಡವಿದಳು. ಗಂಡ ಒಪ್ಪಿಕೊಂಡದ್ದನ್ನು ಊರಿನಲ್ಲಿ ಯಾರಿಗೂ ಅವಳು ಹೇಳಲಿಲ್ಲ. ನಾನು ಹೇಳಿದೆ, ಯಾರೂ ನಂಬಲಿಲ್ಲ.

ಕೊನೆಗೆ ಹೂವಿನ ಮುದುಕಿಯ ಮನೆಗೂ ಹೋದೆ. ಯಾಕೆ ಹೋದೆನೆಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒಬ್ಬರಾದರೂ ನಿನ್ನದು ತಪ್ಪಿಲ್ಲ ಎನ್ನಲಿ ಅಂತ ಇರಬೇಕು. ಅವಳ ಎಡಗೈ ಮಣಿಕಟ್ಟಿನ ಹತ್ತಿರ ಮುಗಿದಿತ್ತು. ದಾರದ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ಕೊನೆಯನ್ನು ಹಲ್ಲಲ್ಲಿ ಕಚ್ಚಿ, ಬಲಗೈಯಿಂದ ಕನಕಾಂಬರ ಕಟ್ಟಲು ನೋಡುತ್ತಿದ್ದಳು. ಗಂಟು ಬಿಗಿಯುವ ಮೊದಲೇ ಹೂವು ಜಾರುತ್ತಿತ್ತು. ಸೊಸೆ ಪಕ್ಕದಲ್ಲಿ ಕೂತು, ಸಹಾಯ ಮಾಡದೆ ಟೀವಿ ನೋಡುತ್ತಿದ್ದಳು.

ಸ್ಪ್ರಿಂಗಿನ ವಿಷಯ, ತುಕ್ಕಿನ ವಿಷಯ, ಅವನು ಒಪ್ಪಿಕೊಂಡ ವಿಷಯ, ಎಲ್ಲ ಹೇಳಿದೆ. ಮುದುಕಿ ದಾರವನ್ನು ಬಾಯಿಂದ ತೆಗೆದು ಕೇಳಿಸಿಕೊಂಡಳು. ನನ್ನ ಮಾತನ್ನು ನಂಬಿದಳು ಎಂದು ಮುಖದಲ್ಲೇ ಗೊತ್ತಾಯಿತು. ಜೀವ ಹಗುರವಾಯಿತು ಅನ್ನುವಷ್ಟರಲ್ಲಿ ಅವಳು ಅಂದಳು:

"ಅಂಗಾದ್ರೆ ಕೆಳಗೆ ಕೊಳೆತಿರೋದು ನಿಂಗೆ ಮುಂಚೇನೇ ಗೊತ್ತಿತ್ತು. ಅದು ನಿನ್ನ ಸೀಟು ಕಣೇ. ನೀನು ಜಗಳ ಆಡ್ಕೊಂಡಾದ್ರೂ ಅಲ್ಲೇ ಕೂತಿದ್ರೆ, ನಂದಲ್ಲ, ನಿನ್ನ ಕೈ ಓಗ್ತಿತ್ತು."

ಮುದುಕಿ ದಾರವನ್ನು ಮತ್ತೆ ಹಲ್ಲಿಗೆ ಸಿಕ್ಕಿಸಿಕೊಂಡಳು. ಒಂದು ಹೂವು ಜಾರಿ ನನ್ನ ಕಾಲ ಹತ್ತಿರ ಬಿತ್ತು. ಅವಳು ಅದರ ಕಡೆಗೂ ನನ್ನ ಕಡೆಗೂ ನೋಡಿದಳು. ನಾನು ಎತ್ತಿಕೊಡಲಿಲ್ಲ. ಮಂಡಿ ಹಿಡಿದುಕೊಂಡು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಸೊಸೆಗೆ ಹೇಳಿ ಹೊರಟೆ.