ಚಾವಡಿಯಲ್ಲಿ ಮರಿಯಾದ ಮೊಟ್ಟೆಗಳು

ಚಾವಡಿಯ ಬಾಗಿಲು ತಳ್ಳಿದಾಗ ಒಳಗಿದ್ದ ಬುಟ್ಟಿಯಿಂದ ಚಿಂವ್ ಚಿಂವ್ ಸದ್ದು ಕೇಳಿಸಿತು. ನಾನೂ ನನ್ನ ಅತ್ತೆಯೂ ಮುಖ ಮುಖ ನೋಡಿಕೊಂಡೆವು.

ಮೂರು ದಿನದ ಹಿಂದೆ, ಮಲ್ದಕಲ್ ಹತ್ತಿರದ ನಮ್ಮೂರಿಗೆ ಬಂದಿದ್ದ ನಿಜಾಮರ ಅಧಿಕಾರಿಯೊಬ್ಬ ಬಿಟ್ಟಿಯಾಗಿ ಮೊಟ್ಟೆ ಕೇಳಿದ್ದ. ಮನೆಯಲ್ಲಿದ್ದದ್ದು ಕಾವಿಗೆ ಕೂತ ಕೋಳಿಯ ಕೆಳಗಿನ ಹನ್ನೆರಡೇ. "ಮರಿ ಆಗೂ ಹೊತ್ತು ಬಂದೈತ್ರಿ ಸಾಹೇಬ್ರ, ತಿನ್ನಾಕ ಬರಂಗಿಲ್ರಿ" ಎಂದು ಅತ್ತೆ ಹೇಳಿದರೂ ಅವನು ಅದನ್ನು ನೆಪವೆಂದುಕೊಂಡ. ನಮ್ಮದು ಕುರಿ ಕಾಯುವ ಮನೆ. ಅತ್ತೆ ಮೊಟ್ಟೆಗಳನ್ನು ಕುರಿಯ ಉಣ್ಣೆಯಲ್ಲಿ ದಪ್ಪಗೆ ಸುತ್ತಿ ಬುಟ್ಟಿಯಲ್ಲಿಟ್ಟು ಕೊಟ್ಟರು. ಒಡೆಯದಿರಲೆಂದು ಹಾಗೆ ಮಾಡಿದರೆಂದು ತಿಳಿದ ಅವನ ಜವಾನ, ಅವರು ಇಳಿದುಕೊಂಡಿದ್ದ ಚಾವಡಿಗೆ ಬುಟ್ಟಿ ಒಯ್ದ. ಅಂದು ಸಂಜೆಯೇ ಭಾರತದ ಫೌಜು ಬಂತೆಂಬ ಸುದ್ದಿ ಹಬ್ಬಿ, ಇಬ್ಬರೂ ಬುಟ್ಟಿ ಮುಟ್ಟದೆ ಓಡಿಹೋದರು. ನಿಜಾಮರು ಶರಣಾದರೆಂದು ತಿಳಿದ ಮೇಲೆ ನಾವು ಬುಟ್ಟಿ ತರಲು ಬಂದಿದ್ದೆವು.

ಉಣ್ಣೆ ಬಿಡಿಸಿದರೆ ಹನ್ನೊಂದು ಮರಿಗಳು. "ಕುರಿಮರೀಗೆ ತಾಯಿ ಹೊಟ್ಟಿನೇ ಬೇಕು. ಇವಕ್ಕ ಬೆಚ್ಚಗಿದ್ರ ಸಾಕು, ಸರ್ಕಾರದ ಚಾವಡಿ ಆದ್ರೇನು" ಎಂದ ಅತ್ತೆ, ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಊರ ನಡುಬೀದಿಯಲ್ಲೇ ನಡೆದರು.

ಆಮೇಲೆ ನಮ್ಮ ಮನೆಯಿಂದ ಯಾರಿಗೂ ಬಿಟ್ಟಿ ಮೊಟ್ಟೆ ಹೋಗಲಿಲ್ಲ. ಆ ಹನ್ನೊಂದರಲ್ಲಿ ಒಂದು ಹುಂಜ ವರ್ಷಗಟ್ಟಲೆ ಚಾವಡಿಯ ಕಟ್ಟೆ ಏರಿಯೇ ಕೂಗುತ್ತಿತ್ತು.