ಡೂಪ್ಲಿಕೇಟ್ ಅಂದ ಕಾಗದ

“ಮಾಯಿ, ಯೇ ಡೂಪ್ಲಿಕೇಟ್ ಹೈ” ಅಂತ ಗೋವಾದ ವಾಸ್ಕೋ ಕಚೇರಿಯ ಗುಮಾಸ್ತ ನನ್ನ ಮಗನ ಮರಣಪತ್ರ ಕೈಗಿಟ್ಟ. ಮೊದಲಿನದು ಮಳೆಗೆ ತೊಯ್ದು ಹಾಳಾಗಿತ್ತು, ಅದಕ್ಕೇ ಇನ್ನೊಂದು ಕೇಳಿದ್ದೆ.

ಪಕ್ಕದಲ್ಲಿದ್ದ ಸೊಸೆ ನನ್ನ ತೋಳು ಹಿಡಿದಳು. ನಮ್ಮ ಬಾಯಲ್ಲಿ ಡೂಪ್ಲಿಕೇಟ್ ಅಂದರೆ ಖೊಟ್ಟಿ, ನಕಲಿ; ಮ್ಹಾಪಸಾ ಸಂತೆಯ ಅಗ್ಗದ ಗಡಿಯಾರಕ್ಕೆ ಅನ್ನುವ ಮಾತು. ದಾಬೋಲಿಮ್‌ನಲ್ಲಿ ಕಟ್ಟಡದಿಂದ ಬಿದ್ದು ಮಗ ಸತ್ತಾಗ ಆಕೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಗಂಡನ ಮುಖ ನೋಡಿರಲಿಲ್ಲ.

“ಅತ್ತಿ, ಹಂಗಾರ ಅವ್ರು ಸತ್ತಿಲ್ಲೇನ್ರಿ?” ಅಂದಳು. ಮುಖ ಅರಳಿತ್ತು.

“ಸತ್ತಾನವ್ವಾ. ನಾನ ಮಣ್ಣು ಹಾಕೇನಿ. ಎರಡನೇ ಕಾಗದಕ್ಕೂ ಇವ್ರು ಹಂಗ ಅಂತಾರ.”

ಈಗ ನಮ್ಮ ಮನೆಯಲ್ಲಿ ಖೊಟ್ಟಿ ಸಾಮಾನಿಗೆ ಖೊಟ್ಟಿ ಅಂತಲೇ ಅನ್ನುತ್ತೇವೆ. ಆ ಇನ್ನೊಂದು ಮಾತು ಯಾರೂ ಆಡುವುದಿಲ್ಲ.